ಹೆಂಡತಿಯ ಭಾಷೆ ‘ಬರೀ ಡೈಲೆಕ್ಟ್’ ಅಂತಾರೆ, ಮಗಳಿಗೆ ಕಲಿಸಬೇಕೇ?

ಪ್ರಶ್ನೆ: ಮೇಡಂ, ನಾನು ಕುಂದಾಪುರದ ಕಡೆಯವನು, ಶಾರ್ಜಾದಲ್ಲಿ ಕೆಲಸ. ಹೆಂಡತಿ ಫಿಲಿಪ್ಪೀನ್ಸ್‌ನ ಇಲೊಯಿಲೊದವಳು, ಇಲ್ಲೇ ನರ್ಸ್. ಮಗಳಿಗೆ ಆರು ವರ್ಷ. ಶಾಲೆಯಲ್ಲಿ ಇಂಗ್ಲಿಷ್, ನನ್ನ ಹತ್ತಿರ ಕನ್ನಡ, ತಾಯಿಯ ಹತ್ತಿರ ಇಂಗ್ಲಿಷ್ ಜತೆಗೆ ಅಷ್ಟಿಷ್ಟು ಹಿಲಿಗಾಯ್ನೊನ್. ‘ನಮ್ಮದು ಬರೀ ಡೈಲೆಕ್ಟ್, ಕಲಿತು ಏನು ಪ್ರಯೋಜನ’ ಅಂತ ಹೆಂಡತಿಯೇ ಹೇಳುತ್ತಾಳೆ. ಮನಿಲಾದಲ್ಲಿರುವ ಭಾವಮೈದುನ ‘ಕಲಿಸುವುದಾದರೆ ತಗಾಲೊಗ್ ಕಲಿಸಿ’ ಅನ್ನುತ್ತಾನೆ. ‘ಇಷ್ಟೊಂದು ಭಾಷೆ ತುಂಬಿದರೆ ಮಗು ತೊದಲುತ್ತೆ’ ಅನ್ನುವುದು ನಮ್ಮಮ್ಮನ ಹೆದರಿಕೆ. ಅತ್ತೆ ಮಿಯಾಗಾವೊ ಊರಿನವರು, ದಿನಾ ವಿಡಿಯೊ ಕಾಲ್‌ನಲ್ಲಿ ಮೊಮ್ಮಗಳಿಗೆ ಕಥೆ ಹೇಳುತ್ತಾರೆ. ಅವರು ‘ವಾರಾ’ ಅಂದರೆ ಹೆಂಡತಿ ಪಕ್ಕದಿಂದ ‘ಹಾಗಲ್ಲ, ವಾಲಾ ಅನ್ನು’ ಅಂತ ಮಗಳನ್ನು ತಿದ್ದುತ್ತಾಳೆ. ಅಸ್ವಾಂಗ್ ಎಂಬ ಭೂತದ ಕಥೆ ಶುರುವಾದ ಮೇಲೆ ಮಗಳು ರಾತ್ರಿ ಒಬ್ಬಳೇ ಬಾತ್‌ರೂಮಿಗೂ ಹೋಗುವುದಿಲ್ಲ. ‘ಕಾಪಿಸ್ ಪ್ರಾಂತ್ಯದ ಕಡೆಯವರಲ್ಲಿ ನಿಜವಾಗಿಯೂ ಅಸ್ವಾಂಗ್ ಇದ್ದಾರೆ’ ಅಂತ ಹೆಂಡತಿಯ ಸ್ನೇಹಿತೆಯೊಬ್ಬಳು ಬೇರೆ ಹೇಳಿಬಿಟ್ಟಿದ್ದಾಳೆ. ಮುಂದಿನ ತಿಂಗಳು ಶಾಲೆಯಲ್ಲಿ ಸಂಸ್ಕೃತಿ ದಿನ. ಬೋರ್ನಿಯೊದಿಂದ ಬಂದ ಹತ್ತು ದಾತುಗಳ, ಅಂದರೆ ಮುಖಂಡರ, ಇತಿಹಾಸ, 1433ರಲ್ಲಿ ಕಲಾಂತಿಯಾವ್ ಎಂಬ ದಾತು ಮಾಡಿದನೆನ್ನುವ ಕಾನೂನು ಇವನ್ನು ಮಗಳಿಂದ ಹೇಳಿಸಬೇಕೆಂದಿದ್ದೇವೆ. ಭಾಷೆ ಮುಂದುವರಿಸುವುದೋ ಬಿಡುವುದೋ? ಕಥೆಗಳನ್ನು ನಿಲ್ಲಿಸಬೇಕೋ?

ಉತ್ತರ: ಭಾಷೆ ಬಿಡಬೇಡಿ, ಕಥೆಯನ್ನೂ ನಿಲ್ಲಿಸಬೇಡಿ. ಆದರೆ ಯಾವ ಕಥೆ, ಯಾವ ಹೊತ್ತಿನಲ್ಲಿ, ಯಾವುದನ್ನು ಇತಿಹಾಸವೆಂದು ಹೇಳಬಾರದು ಎಂಬುದನ್ನು ಕೂತು ಯೋಚಿಸಬೇಕು. ಗಲ್ಫ್‌ನಲ್ಲಿ ನೆಲೆಸಿದ ಮಿಶ್ರ ಕುಟುಂಬಗಳಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಈ ‘ಡೈಲೆಕ್ಟ್’ ಎಂಬ ಪದ ತಪ್ಪದೆ ಇರುತ್ತದೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಹೆಂಡತಿಯವರು ಹಾಗೆ ಹೇಳುವುದಕ್ಕೆ ಕಾರಣ ಅವರ ಶಾಲೆ. 1937ರಲ್ಲಿ ಅಧ್ಯಕ್ಷ ಕೆಸೋನ್ ಅವರು ರಾಷ್ಟ್ರಭಾಷೆಗೆ ತಗಾಲೊಗ್ ಆಧಾರವಾಗಲಿ ಎಂದು ಆಜ್ಞೆ ಹೊರಡಿಸಿದರು. 1987ರ ಸಂವಿಧಾನ ತಗಾಲೊಗ್ ಆಧಾರಿತ ಫಿಲಿಪಿನೊ ಮತ್ತು ಇಂಗ್ಲಿಷನ್ನು ಅಧಿಕೃತ ಭಾಷೆಗಳೆಂದಿತು. ಉಳಿದವು ಆಯಾ ಪ್ರಾಂತ್ಯಗಳಲ್ಲಿ ‘ಸಹಾಯಕ’ ಅಧಿಕೃತ ಭಾಷೆಗಳು. ಈ ಏರ್ಪಾಡು ಮಾತಿನಲ್ಲಿ ಇಳಿದಾಗ ಅಧಿಕೃತವಾದದ್ದು ಭಾಷೆ, ಮನೆಯದು ಡೈಲೆಕ್ಟ್ ಎಂದಾಗಿಬಿಟ್ಟಿತು. ಓದಿದವರು, ಮೇಷ್ಟ್ರುಗಳು, ಪತ್ರಕರ್ತರು ಎಲ್ಲರೂ ಆ ದೇಶದಲ್ಲಿ ಹೀಗೆಯೇ ಮಾತಾಡುತ್ತಾರೆ. ಸ್ಥಾನಮಾನ ಹೇಳುವ ಪದ ಅದು. ಭಾಷಾಶಾಸ್ತ್ರಕ್ಕೂ ಅದಕ್ಕೂ ಸಂಬಂಧವಿಲ್ಲ.

ಶಾಸ್ತ್ರದ ಪ್ರಕಾರ ಹಿಲಿಗಾಯ್ನೊನ್ ಮತ್ತು ತಗಾಲೊಗ್ ಎರಡೂ ಆಸ್ಟ್ರೋನೇಷ್ಯನ್ ಕುಟುಂಬದ ಮಧ್ಯ ಫಿಲಿಪ್ಪೀನ್ ಶಾಖೆಗೆ ಸೇರಿದ ದಾಯಾದಿಗಳು. ತಗಾಲೊಗ್ ತಾಯಿ, ಹಿಲಿಗಾಯ್ನೊನ್ ಮಗಳು ಎಂಬುದೇನೂ ಇಲ್ಲ. ಒಂದು ವಾಕ್ಯ ನೋಡಿ. ‘ಅಮ್ಮ ಬ್ರೆಡ್ ಕೊಂಡಳು’ ಅನ್ನುವುದಕ್ಕೆ ಇಲೊಯಿಲೊದಲ್ಲಿ ‘ಗಿನ್‌ಬಾಕಾಲ್ ಸಾಂಗ್ ನಾನಾಯ್ ಆಂಗ್ ತಿನಾಪಾಯ್’ ಅನ್ನುತ್ತಾರೆ. ಮನಿಲಾದಲ್ಲಿ ‘ಬಿನಿಲಿ ನಾಂಗ್ ನಾನಾಯ್ ಆಂಗ್ ತಿನಾಪಾಯ್’. ಚೌಕಟ್ಟು ಒಂದೇ: ಕ್ರಿಯಾಪದ ಮೊದಲು, ಯಾವುದರ ಮೇಲೆ ಒತ್ತು ಇದೆ ಎಂಬುದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. ಆದರೆ ‘ಬಾಕಾಲ್’ ಎಂದರೆ ತಗಾಲೊಗ್‌ನವರ ಕಿವಿಗೆ ಕಬ್ಬಿಣ! ಕುಂದಾಪುರದವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಂದಗನ್ನಡ ಬೆಂಗಳೂರಿನವರಿಗೆ ಕಷ್ಟವಾದರೂ ಕನ್ನಡವೇ. ತುಳು ಹಾಗಲ್ಲ, ಅದು ಬೇರೆಯೇ ಭಾಷೆ, ನಮ್ಮ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಇಲ್ಲ ಅಷ್ಟೇ. ಹಿಲಿಗಾಯ್ನೊನ್ ತುಳುವಿನ ಸಾಲಿಗೆ ಸೇರಿದ್ದು.

ಅದರ ಬೆನ್ನ ಹಿಂದೆ ಸಾಕಷ್ಟು ಬರಹವೂ ಇದೆ. ಇಲೊಯಿಲೊ, ಕಾಪಿಸ್ ಇರುವ ಪನಾಯ್ ದ್ವೀಪದ ಭಾಷೆಗಳಿಗೆ ಆಗಸ್ಟೀನಿಯನ್ ಪಾದ್ರಿ ಅಲೊನ್ಸೊ ದೆ ಮೆಂತ್ರಿದಾ ಮಾಡಿದ ನಿಘಂಟು 1637ರದು. ಇಪ್ಪತ್ತನೇ ಶತಮಾನದಲ್ಲಿ ಮಾಗ್ದಲೇನಾ ಹಲಾಂದೋನಿ ಈ ಭಾಷೆಯಲ್ಲಿ ಕಾದಂಬರಿಯ ಮೇಲೆ ಕಾದಂಬರಿ ಬರೆದರು. ರಾಮೊನ್ ಮುಸೋನೆಸ್ ಅವರಿಗೆ 2018ರಲ್ಲಿ ಮರಣೋತ್ತರವಾಗಿ ರಾಷ್ಟ್ರೀಯ ಕಲಾವಿದ ಗೌರವ ಬಂತು. ಇಲೊಯಿಲೊ, ಗಿಮರಾಸ್, ನೆಗ್ರೋಸ್ ದ್ವೀಪದ ಬಾಕೋಲೊದ್ ಭಾಗ, ದಕ್ಷಿಣಕ್ಕೆ ಹೋದರೆ ಮಿಂದನಾವೊದ ಕೊರೊನಾದಾಲ್ ತನಕ 70 ಲಕ್ಷಕ್ಕೂ ಮಿಕ್ಕಿ ಜನ ಇದನ್ನು ಆಡುತ್ತಾರೆ. ಇದನ್ನು ಆಡುವವರು ಜಗಳವಾಡಿದರೂ ಮುದ್ದು ಮಾಡಿದ ಹಾಗೆ ಕೇಳುತ್ತದೆ ಎಂದು ಉಳಿದ ಫಿಲಿಪಿನೊಗಳು ತಮಾಷೆ ಮಾಡುವುದುಂಟು. ಆ ರಾಗ ಅಂಥದ್ದು. ನಿಮಗೂ ಅನುಭವವಾಗಿರಬೇಕು.

ಇನ್ನು ‘ವಾರಾ–ವಾಲಾ’ ವಿಚಾರ. ನಿಮ್ಮ ಪತ್ರದಲ್ಲಿ ನನ್ನ ಗಮನ ಹೆಚ್ಚು ಸೆಳೆದದ್ದು ಇದೇ. ಅತ್ತೆಯವರು ತಪ್ಪು ಮಾತಾಡುತ್ತಿಲ್ಲ. ಮಿಯಾಗಾವೊ ಇರುವುದು ಇಲೊಯಿಲೊ ಪ್ರಾಂತ್ಯದಲ್ಲೇ ಆದರೂ ಆ ಊರಿನ ಮನೆಮಾತು ಕಿನಾರಾಯ್-ಆ. ಆಂತೀಕೆ ಪ್ರಾಂತ್ಯದಲ್ಲೂ ಇಲೊಯಿಲೊದ ಒಳನಾಡಿನಲ್ಲೂ ಆಡುವ, ಹಿಲಿಗಾಯ್ನೊನ್‌ಗೆ ಹತ್ತಿರದ, ಆದರೆ ಬೇರೆಯೇ ಎಂದು ಎಣಿಸುವ ಭಾಷೆ. ಹಿಲಿಗಾಯ್ನೊನ್‌ನ ‘ಲ’ ಎಷ್ಟೋ ಕಡೆ ಅಲ್ಲಿ ‘ರ’. ‘ಇಲ್ಲ’ ಎನ್ನುವುದಕ್ಕೆ ವಾಲಾ–ವಾರಾ, ಮಳೆಗೆ ಉಲಾನ್–ಉರಾನ್. ಮೇಲಿನ ವಾಕ್ಯದ ‘ಸಾಂಗ್’ ಅತ್ತೆಯವರ ಬಾಯಲ್ಲಿ ‘ಕಾಂಗ್’ ಆಗುತ್ತದೆ. ಇವೆರಡರ ಜತೆಗೆ ಅರ್ಧ ನುಂಗಿದಂಥ ಒಂದು ಸ್ವರವೂ ಇದೆ, ಪಟ್ಟಣದ ಹಿಲಿಗಾಯ್ನೊನ್‌ನಲ್ಲಿ ಅದು ಸಿಗದು. ಮುಂದಿನ ಕಾಲ್‌ನಲ್ಲಿ ಕಿವಿಗೊಟ್ಟು ಕೇಳಿ.

ಹಾಗಾದರೆ ನಿಮ್ಮ ಹೆಂಡತಿ ಯಾಕೆ ತಿದ್ದುತ್ತಾರೆ? ಕಿನಾರಾಯ್-ಆ ಎಂದರೆ ಗುಡ್ಡದ ಮೇಲಿನವರ, ಹಳ್ಳಿಯವರ ಮಾತು ಎಂಬ ತಾತ್ಸಾರ ಇಲೊಯಿಲೊ ಪಟ್ಟಣದಲ್ಲಿ ಬಹಳ ಹಿಂದಿನಿಂದ ಇದೆ. ಹಳ್ಳಿಯಿಂದ ಪಟ್ಟಣದ ಕಾಲೇಜಿಗೆ ಬಂದ ಹುಡುಗಿಯರು ಮೊದಲ ವಾರದಲ್ಲೇ ‘ರ’ ಬಿಟ್ಟು ‘ಲ’ ಹಿಡಿಯುತ್ತಾರೆ. ಮನಿಲಾದವರು ಹಿಲಿಗಾಯ್ನೊನ್‌ಗೆ ಮಾಡಿದ್ದನ್ನು ಹಿಲಿಗಾಯ್ನೊನ್‌ನವರು ಕಿನಾರಾಯ್-ಆಗೆ ಮಾಡುತ್ತಾರೆ ಅನ್ನಿ. ಅವರನ್ನು ದೂರುವುದಕ್ಕೆ ಹೇಳುತ್ತಿಲ್ಲ. ಆದರೆ ಅಜ್ಜಿಯ ಮುಂದೆಯೇ ಅಜ್ಜಿಯ ಮಾತನ್ನು ತಿದ್ದಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಅಥವಾ ಇಂಗ್ಲಿಷಿಗೆ ಜಾರುತ್ತದೆ. ‘ಲೋಲಾ (ಅಜ್ಜಿ) ಹೀಗೆ ಹೇಳ್ತಾಳೆ, ನಾನು ಹೀಗೆ ಹೇಳ್ತೀನಿ’ ಅಂದರೆ ಸಾಕು. ಆರು ವರ್ಷದವರಿಗೆ ಅಂಥ ಜೋಡಿಗಳು ಆಟದ ಹಾಗೆ, ತಾವೇ ಹುಡುಕಿ ಹೇಳತೊಡಗುತ್ತಾರೆ.

ನಿಮ್ಮಮ್ಮನ ಹೆದರಿಕೆಗೆ ಬರೋಣ. ಹೆಚ್ಚು ಭಾಷೆ ಕೇಳಿದ್ದರಿಂದ ಮಕ್ಕಳಿಗೆ ಮಾತು ತಡವಾಗುವುದಿಲ್ಲ, ತೊದಲೂ ಬರುವುದಿಲ್ಲ. ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆಸುತ್ತಾರೆ, ಅದು ಗೊಂದಲದ ಲಕ್ಷಣವಲ್ಲ, ಕೈಗೆ ಸಿಕ್ಕಿದ ಪದ ಬಳಸುವ ಜಾಣತನ. ಯಾರ ಹತ್ತಿರ ಯಾವ ಭಾಷೆ ಎಂಬುದು ಅವರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ. ನಿಜವಾದ ಮಿತಿ ಬೇರೆ ಇದೆ: ದಿನಕ್ಕೆ ಇರುವ ಗಂಟೆಗಳು ಇಷ್ಟೇ. ಕಿವಿಗೆ ಬೀಳದ ಭಾಷೆ ಬಾಯಿಗೆ ಬರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಎಲ್ಲ ಭಾಷೆಗಳಲ್ಲೂ ಮಾತು ಹಿಂದಿದ್ದರೆ, ಅಥವಾ ತೊದಲು ತಿಂಗಳುಗಟ್ಟಲೆ ಉಳಿದರೆ, ಕಿವಿ ಪರೀಕ್ಷೆ ಮಾಡಿಸಿ ವಾಕ್ ತಜ್ಞರಿಗೆ ತೋರಿಸಿ. ಆಗಲೂ ಒಂದು ಭಾಷೆಯನ್ನು ಕತ್ತರಿಸುವುದು ಚಿಕಿತ್ಸೆಯಲ್ಲ.

ಅಸ್ವಾಂಗ್. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಿಮ್ಮ ಮಗಳ ಹೆದರಿಕೆಗಿಂತ ಆ ಸ್ನೇಹಿತೆಯ ಮಾತು ನನಗೆ ಹೆಚ್ಚು ಚಿಂತೆ ತಂದಿತು.

ಪನಾಯ್‌ನ ಕಥೆಗಳಲ್ಲಿ ಅಸ್ವಾಂಗ್ ಎಂದರೆ ಹಗಲು ನಮ್ಮ ನಿಮ್ಮ ಹಾಗೇ ಇರುವ ನೆರೆಯವಳು ಅಥವಾ ನೆರೆಯವನು. ರಾತ್ರಿ ರೂಪ ಬದಲಿಸಿ ಬಸುರಿಯರನ್ನು, ರೋಗಿಗಳನ್ನು ಹುಡುಕಿಕೊಂಡು ಹೋಗುವ ಜೀವ. ಅದರ ಜತೆಗಿನ ‘ತಿಕ್‌ತಿಕ್’ ಸದ್ದು ಜೋರಾಗಿದ್ದರೆ ಅದು ದೂರದಲ್ಲಿದೆ, ಮೆಲ್ಲಗಾದರೆ ಹತ್ತಿರ ಬಂದಿದೆ ಎಂದು ಲೆಕ್ಕ. ಎಂಥ ಕಲ್ಪನೆ ನೋಡಿ! ಹೆರಿಗೆಯಲ್ಲಿ ತಾಯಂದಿರೂ ಕೂಸುಗಳೂ ಕಾರಣ ತಿಳಿಯದೆ ಸಾಯುತ್ತಿದ್ದ, ದೀಪವಿಲ್ಲದ ಊರುಗಳಲ್ಲಿ ಈ ಕಥೆ ಏಕೆ ಬೇರುಬಿಟ್ಟಿತು ಎಂಬುದು ಅರ್ಥವಾಗುತ್ತದೆ. ಸ್ಪ್ಯಾನಿಷ್ ಪಾದ್ರಿಗಳು ಬಾಬಾಯ್ಲಾನ್ ಎಂಬ ಪೂಜಾರಿಣಿಯರನ್ನು ಮಾಟಗಾತಿಯರೆಂದು ಸಾರಿದ್ದೂ ಇದಕ್ಕೆ ಎಣ್ಣೆ ಸುರಿಯಿತು ಎಂದು ವಾದಿಸುವ ವಿದ್ವಾಂಸರಿದ್ದಾರೆ.

ಕಾಪಿಸ್‌ನ ಹೆಸರು ಕೆಟ್ಟಿದ್ದಕ್ಕೆ ಇನ್ನೊಂದು ಊಹೆಯೂ ಇದೆ. ಪನಾಯ್‌ನಲ್ಲಿ, ಅದರಲ್ಲೂ ಕಾಪಿಸ್‌ನಲ್ಲಿ, ‘ಲುಬಾಗ್’ ಎಂಬ ಆನುವಂಶಿಕ ನರರೋಗ ಹೆಚ್ಚು. ಎಕ್ಸ್ ಕ್ರೋಮೋಸೋಮಿನ ಮೂಲಕ ಬರುವುದರಿಂದ ಹೆಚ್ಚಾಗಿ ಗಂಡಸರಿಗೆ, ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಕತ್ತು ತಿರುಚುತ್ತದೆ, ನಾಲಗೆ ಹೊರಚಾಚುತ್ತದೆ, ದೇಹ ತನ್ನಿಂದ ತಾನೇ ಹೊರಳುತ್ತದೆ. ಇಂಥವರನ್ನು ನೋಡಿ ಜನ ಅಸ್ವಾಂಗ್ ಎಂದಿರಬಹುದು ಎಂಬುದು ಊಹೆ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ, ಏಕೆಂದರೆ ಆ ರೋಗ ಅಷ್ಟಾಗಿ ಕಾಣದ ಬಿಕೋಲ್ ಪ್ರಾಂತ್ಯದಂಥ ಕಡೆಯೂ ಅಸ್ವಾಂಗ್ ಕಥೆ ದಂಡಿಯಾಗಿದೆ. ಒಂದಂತೂ ನಿಜ. ‘ಇಂಥ ಊರಿನವರು ಅಸ್ವಾಂಗ್’ ಎಂಬ ಮಾತಿನಿಂದ ರೋಗಿಗಳು, ಒಂಟಿ ಮುದುಕಿಯರು ಅವಮಾನಪಟ್ಟಿದ್ದಾರೆ. ಮಗಳಿಗೆ ಕಥೆ ಹೇಳಿ, ಆದರೆ ಯಾವುದೇ ಊರಿನ ಅಥವಾ ಮನೆತನದ ಹೆಸರು ಅದಕ್ಕೆ ಅಂಟದಿರಲಿ. ಸ್ನೇಹಿತೆಯ ಮಾತು ಮಗುವಿನ ಕಿವಿಗೆ ಬಿದ್ದಿದ್ದರೆ ಅದು ಸುಳ್ಳು ಎಂದು ನೇರವಾಗಿ ಹೇಳಿ.

ಹೆದರಿಕೆಗೆ ಮದ್ದು ಆ ಕಥೆಗಳ ಒಳಗೇ ಇದೆ, ಅತ್ತೆಯವರಿಗೆ ಅದು ಗೊತ್ತಿರುತ್ತದೆ. ಉಪ್ಪು, ಬೆಳ್ಳುಳ್ಳಿ, ತೊರಕೆ ಮೀನಿನ ಬಾಲ: ಇವುಗಳನ್ನು ಕಂಡರೆ ಅಸ್ವಾಂಗ್‌ಗೆ ಆಗದು. ಅಮಾಲಾನ್‌ಹಿಗ್ ಎಂಬ ಎದ್ದುಬಂದ ಹೆಣಕ್ಕೆ ಮೈ ಸೆಟೆದಿರುವುದರಿಂದ ನೇರಕ್ಕೆ ಮಾತ್ರ ನಡೆಯಲು ಬರುತ್ತದೆ. ಅಂಕುಡೊಂಕಾಗಿ ಓಡಿದರೆ ಪಾರು. ಹಜಾರದಲ್ಲಿ ಮಗಳ ಜತೆ ಒಮ್ಮೆ ಹಾಗೆ ಓಡಿ ನೋಡಿ, ಭೂತಕ್ಕಿಂತ ನಗು ಜಾಸ್ತಿ ಬರುತ್ತದೆ. ತಪ್ಪಿಸಿಕೊಳ್ಳುವ ದಾರಿಯಿಲ್ಲದ ಭೂತಕಥೆ ಮಗುವಿಗೆ ಹೇಳುವಂಥದ್ದಲ್ಲ ಎಂದು ಅತ್ತೆಯವರಿಗೆ ವಿನಯದಿಂದ ತಿಳಿಸಿ. ಶಾರ್ಜಾದಲ್ಲಿ ರಾತ್ರಿ ಎಂಟಾದಾಗ ಅವರಲ್ಲಿ ಮಧ್ಯರಾತ್ರಿ, ಆದ್ದರಿಂದ ಕಾಲ್ ಅನ್ನು ನಿಮ್ಮ ಮಧ್ಯಾಹ್ನಕ್ಕೆ ತಂದರೆ ಅವರಿಗೂ ಅನುಕೂಲ, ಮಗುವಿಗೂ ನಿದ್ದೆ. ರಾತ್ರಿಗೆ ಬಾಕುನಾವಾ ಕಥೆ ಸಾಕು. ಚಂದ್ರನನ್ನು ನುಂಗುವ ಕಡಲ ಸರ್ಪ ಅದು, ಜನ ಪಾತ್ರೆ ಬಡಿದು ಗಲಾಟೆ ಮಾಡಿ ಉಗುಳಿಸುತ್ತಾರೆ. ರಾಹುವಿನ ಕಥೆ ನೀವು ಹೇಳಿ, ಇದನ್ನು ಅವರು ಹೇಳಲಿ.

ಈಗ ಸಂಸ್ಕೃತಿ ದಿನ. ದಯವಿಟ್ಟು ಕಲಾಂತಿಯಾವ್ ಕಾನೂನನ್ನು ಕೈಬಿಡಿ. ಅದು ಕಥೆಯೂ ಅಲ್ಲ, ನಕಲಿ ದಾಖಲೆ. ನೆಗ್ರೋಸ್‌ನ ಹೊಸೆ ಮಾರ್ಕೊ ಎಂಬಾತ 1914ರಲ್ಲಿ ಮನಿಲಾದ ಗ್ರಂಥಾಲಯಕ್ಕೆ ಕೊಟ್ಟ ಹಸ್ತಪ್ರತಿಗಳಲ್ಲಿ ಇದೂ ಒಂದು. ಇತಿಹಾಸಕಾರ ವಿಲಿಯಂ ಹೆನ್ರಿ ಸ್ಕಾಟ್ 1968ರಲ್ಲಿ ಇದು ಕೃತ್ರಿಮವೆಂದು ತೋರಿಸಿದರು. ಅಷ್ಟಾದರೂ ಪಠ್ಯಪುಸ್ತಕಗಳಿಂದ ಅದು ಬೇಗ ಹೋಗಲಿಲ್ಲ. 2004ರಲ್ಲಿ ಅಲ್ಲಿನ ರಾಷ್ಟ್ರೀಯ ಇತಿಹಾಸ ಸಂಸ್ಥೆಯೇ ಇದಕ್ಕೆ ಆಧಾರವಿಲ್ಲ ಎಂದಿತು. ನಿಮ್ಮ ಹೆಂಡತಿ ಶಾಲೆಯಲ್ಲಿ ಇದನ್ನು ಪಾಠವೆಂದೇ ಓದಿರಬಹುದು, ಅವರ ತಪ್ಪಲ್ಲ.

ಹತ್ತು ದಾತುಗಳದು ಬೇರೆ ಬಗೆ. ಸುಲ್ತಾನ್ ಮಕಾತುನಾವ್‌ನ ಕಾಟ ತಾಳದೆ ಬೋರ್ನಿಯೊದಿಂದ ಹೊರಟ ದಾತು ಪುತಿ ಮತ್ತು ಸಂಗಡಿಗರು ದ್ವೀಪದ ಕಪ್ಪು ಮೈಬಣ್ಣದ ಮೂಲನಿವಾಸಿಗಳಾದ ಆತಿ ಜನರ ನಾಯಕ ಮಾರಿಕುದೊನಿಗೆ ಚಿನ್ನದ ಟೊಪ್ಪಿಗೆ, ಅವನ ಹೆಂಡತಿ ಮಾನಿವಾಂತಿವಾನ್‌ಗೆ ಉದ್ದದ ಚಿನ್ನದ ಸರ ಕೊಟ್ಟು ಪನಾಯ್‌ನ ಬಯಲುಸೀಮೆ ಕೊಂಡರು ಎಂಬ ಕಥೆ. ಪೆದ್ರೊ ಮೊಂತೆಕ್ಲಾರೊ 1907ರಲ್ಲಿ ಪ್ರಕಟಿಸಿದ ‘ಮರಗ್ತಾಸ್’ ಪುಸ್ತಕದಿಂದ ಇದು ಮನೆಮಾತಾಯಿತು. ಆತ ಹಳೆಯ ಬರಹಗಳನ್ನೂ ಬಾಯಿಮಾತನ್ನೂ ಕೂಡಿಸಿ ಬರೆದ, ಮೋಸ ಮಾಡಲಿಲ್ಲ. ಅದನ್ನು ಸ್ಪ್ಯಾನಿಷರಿಗೂ ಹಿಂದಿನ ದಾಖಲೆ ಎಂದು ಕರೆದವರು ಆಮೇಲಿನವರು. ಪರಂಪರೆಯ ಕಥೆ ಎಂದು ಹೇಳಿಸಬಹುದು, ‘ಇತಿಹಾಸ’ ಎಂದು ಬೋರ್ಡು ಹಾಕಬೇಡಿ. ಅದರಲ್ಲೂ ಒಂದು ಮುಳ್ಳಿದೆ. ಆತಿ ಜನ ಈಗಲೂ ಪನಾಯ್, ಗಿಮರಾಸ್, ಬೊರಾಕಾಯ್‌ಗಳಲ್ಲಿ ಇದ್ದಾರೆ, ಅವರ ಇನಾತಿ ಭಾಷೆ ಸುತ್ತಲಿನ ಭಾಷೆಗಳಿಗಿಂತ ತೀರಾ ಬೇರೆ, ಭೂಮಿಗಾಗಿ ಅವರ ಹೋರಾಟ ಮುಗಿದಿಲ್ಲ. ಒಂದು ಚಿನ್ನದ ಟೊಪ್ಪಿಗೆಗೆ ಖುಷಿಯಾಗಿ ನೆಲ ಬಿಟ್ಟುಕೊಟ್ಟರು ಎಂಬ ಕಥೆ ಯಾರಿಗೆ ಅನುಕೂಲ ಎಂದು ಕೇಳಿಕೊಳ್ಳಬೇಕಾಗುತ್ತದೆ. ಮಗಳ ಮುಖಕ್ಕೆ ಕಪ್ಪು ಬಳಿದು ಆತಿ ವೇಷ ಹಾಕಿಸುವುದಂತೂ ಬೇಡವೇ ಬೇಡ.

ಬದಲಿಗೆ ನನ್ನ ಸಲಹೆ ಇದು. ಪನಾಯ್‌ನಲ್ಲಿ ನೆಲೆಸಿದ್ದ ಸ್ಪ್ಯಾನಿಷ್ ಅಧಿಕಾರಿ ಮಿಗೆಲ್ ದೆ ಲೋಆರ್ಕಾ 1582ರಲ್ಲಿ ಬರೆದ ವರದಿಯಲ್ಲಿ ಕಡಲತೀರದ ‘ಇಲಿಗೇನೆ’ಗಳು, ಅಂದರೆ ಹಿಲಿಗಾಯ್ನೊನ್ ಜನರ ಪೂರ್ವಜರು, ಹೇಳುತ್ತಿದ್ದ ಸೃಷ್ಟಿಕಥೆ ಇದೆ. ನೆಲದ ಗಾಳಿಗೂ ಕಡಲ ಗಾಳಿಗೂ ಮದುವೆಯಾಗಿ ಒಂದು ಜೊಂಡು ಹುಟ್ಟಿತು. ಕಾಪ್ತಾನ್ ದೇವರು ಅದನ್ನು ನೆಟ್ಟ. ಬೆಳೆದು ಎರಡು ಗೆಣ್ಣಾಗಿ ಸೀಳಿದಾಗ ಒಂದರಿಂದ ಗಂಡು ಸಿಕಾಲಾಕ್, ಇನ್ನೊಂದರಿಂದ ಹೆಣ್ಣು ಸಿಕಾಬಾಯ್ ಹೊರಬಂದರು. ಮದುವೆಯಾಗೋಣ ಎಂದ ಅವನು. ಒಂದೇ ಜೊಂಡಿನ ಒಡಹುಟ್ಟಿದವರು, ನಡುವೆ ಇರುವುದು ಒಂದೇ ಗಂಟು, ಆಗದು ಎಂದಳು ಇವಳು. ತೀರ್ಪಿಗೆ ಯಾರನ್ನು ಕೇಳುವುದು? ಕಡಲಿನ ಮೀನುಗಳನ್ನು ಕೇಳಿದರು, ಆಕಾಶದ ಪಾರಿವಾಳಗಳನ್ನು ಕೇಳಿದರು, ಕೊನೆಗೆ ಭೂಕಂಪವನ್ನೇ ಕೇಳಿದರು. ಲೋಕ ತುಂಬಬೇಕಲ್ಲ, ಆಗಲಿ ಎಂದಿತು ಭೂಕಂಪ. ಆರು ವರ್ಷದವಳು ಮೂರು ನಿಮಿಷದಲ್ಲಿ ಹೇಳಬಹುದಾದ ಕಥೆ. ಹೇಳುವವರ ಹೆಸರಿನ ಸಮೇತ ನಾಲ್ಕು ಶತಮಾನಕ್ಕೂ ಹಿಂದೆ ದಾಖಲಾದದ್ದು. ಅದರ ಮುಂದಿನ ಭಾಗದಲ್ಲಿ ಒಡೆಯರು, ಆಳುಗಳು, ಬಣ್ಣಬಣ್ಣದ ಜನ ಹೇಗಾದರು ಎಂಬ ವಿವರಣೆ ಬರುತ್ತದೆ. ಮೇಲುಕೀಳನ್ನು ಸಮರ್ಥಿಸುವ ಆ ಭಾಗ ಶಾಲೆಗೆ ಬೇಡ.

ಮನೆಯೊಳಗೆ ಏನು ಮಾಡುವುದು? ತಾಯಿ ಹಿಲಿಗಾಯ್ನೊನ್ ಮಾತ್ರ, ತಂದೆ ಕನ್ನಡ ಮಾತ್ರ ಎಂಬ ಕಟ್ಟುನಿಟ್ಟು ಕಾಗದದ ಮೇಲೆ ಚೆಂದ. ಆದರೆ ಹನ್ನೆರಡು ಗಂಟೆಯ ಡ್ಯೂಟಿ ಮುಗಿಸಿ ಬಂದ ನರ್ಸ್‌ಗೆ ಅದು ಇನ್ನೊಂದು ಡ್ಯೂಟಿಯಾದರೆ ಮೂರು ತಿಂಗಳಲ್ಲಿ ನಿಂತುಹೋಗುತ್ತದೆ, ಮಗುವೂ ರೇಗುತ್ತದೆ. ಸ್ನಾನ, ಊಟ, ಜಡೆ ಹಾಕುವುದು ಹೀಗೆ ಎರಡು ಮೂರು ಕೆಲಸಗಳನ್ನು ಆ ಭಾಷೆಗೆ ಮೀಸಲಿಡಿ. ಮಗು ಇಂಗ್ಲಿಷಿನಲ್ಲಿ ಉತ್ತರಿಸಿದರೂ ತಾಯಿ ಬದಲಾಯಿಸಬಾರದು, ಬಲವಂತವೂ ಮಾಡಬಾರದು. ಎಲ್ಲವನ್ನೂ ಅಜ್ಜಿಗೆ ಬಿಟ್ಟರೆ ಬರುವುದು ಕಿನಾರಾಯ್-ಆ. ನನ್ನ ಪ್ರಕಾರ ಅದರಲ್ಲಿ ನಷ್ಟವೇನಿಲ್ಲ, ಒಂದು ಬಂದವರಿಗೆ ಇನ್ನೊಂದು ಬೇಗ ಒಲಿಯುತ್ತದೆ. ಆದರೆ ಪರದೆಯ ಮೇಲಿನ ಅರ್ಧ ಗಂಟೆ ಮಾತ್ರದಿಂದ ಕೇಳಿ ಅರ್ಥ ಮಾಡಿಕೊಳ್ಳಬಲ್ಲ, ಆಡಲಾರದ ಮಗುವಾಗುವ ಸಾಧ್ಯತೆ ಹೆಚ್ಚು. ‘ಪಾಕ್ತಾಕೊನ್’ ಎನ್ನುವ ಒಗಟುಗಳನ್ನು ಹೇಳಲು ಅತ್ತೆಯವರನ್ನು ಕೇಳಿ. ಕಥೆಯಲ್ಲಿ ಮಗು ಕೇಳಿ ಸುಮ್ಮನಿರಬಹುದು, ಒಗಟಿಗೆ ಬಾಯಿ ಬಿಡಲೇಬೇಕು.

ಓದುವ ಸಾಮಗ್ರಿಗೆ ತೊಂದರೆಯಿಲ್ಲ. 2012ರಿಂದ ಅಲ್ಲಿನ ಶಾಲೆಗಳ ಮೊದಲ ತರಗತಿಗಳಲ್ಲಿ ಮಾತೃಭಾಷಾ ಶಿಕ್ಷಣವಿತ್ತು, ಹಿಲಿಗಾಯ್ನೊನ್ ಮೊದಲ ಹನ್ನೆರಡು ಭಾಷೆಗಳಲ್ಲೇ ಇತ್ತು, ಕಿನಾರಾಯ್-ಆ ಮರುವರ್ಷ ಸೇರಿತು. ಆಗ ಮಾಡಿದ ಚಿತ್ರಪುಸ್ತಕಗಳು, ಪಠ್ಯಗಳು ಈಗಲೂ ಸಿಗುತ್ತವೆ, ಊರಿನ ಯಾರಾದರೂ ಟೀಚರನ್ನು ವಿಚಾರಿಸಿದರೆ ಸಾಕು. 2024ರ ಅಕ್ಟೋಬರ್‌ನಲ್ಲಿ ಬಂದ ಕಾನೂನು ಆ ಪದ್ಧತಿಯ ಕಡ್ಡಾಯವನ್ನು ತೆಗೆದುಹಾಕಿತು. ತರಗತಿಯ ಮಕ್ಕಳೆಲ್ಲರ ಮನೆಮಾತು ಒಂದೇ ಆಗಿದ್ದರೆ ಮುಂದುವರಿಸಬಹುದು ಎಂಬ ಅವಕಾಶವಷ್ಟೇ ಉಳಿದಿದೆ. ಸರಕಾರವೇ ಬಿಟ್ಟ ಮೇಲೆ ನಾವೇಕೆ ಎಂದು ಯಾರಾದರೂ ಕೇಳಿದರೆ, ನಿಮ್ಮ ಮಗಳು ಆ ಶಾಲೆಗೆ ಹೋಗುವವಳೇ ಅಲ್ಲ ಎಂದು ಹೇಳಿ.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ರಜೆ. ಹೋದಾಗ ಇಲೊಯಿಲೊ ಪಟ್ಟಣದ ಮಾಲ್ ಪಕ್ಕದ ಫ್ಲಾಟಿನಲ್ಲಿ ಉಳಿಯಬೇಡಿ. ಅಲ್ಲಿನ ಖಾಸಗಿ ಶಾಲೆಯ ಎಷ್ಟೋ ಮಕ್ಕಳು ಈಗ ತಮ್ಮತಮ್ಮಲ್ಲೇ ಇಂಗ್ಲಿಷ್, ತಗಾಲೊಗ್ ಆಡುತ್ತಾರೆ. ಮಿಯಾಗಾವೊದಲ್ಲಿ ವಾರಗಟ್ಟಲೆ ಇರಿ, ಅಕ್ಕಪಕ್ಕದ ಮಕ್ಕಳ ಜತೆ ಬಿಡಿ.

ಭಾವಮೈದುನರಿಗೆ ಒಂದು ಮಾತು: ತಗಾಲೊಗ್ ಬಗ್ಗೆ ಚಿಂತೆ ಬೇಡ. ಶಾರ್ಜಾದಲ್ಲಿ ಬೇರೆ ಬೇರೆ ಪ್ರಾಂತ್ಯದ ಫಿಲಿಪಿನೊಗಳು ಸೇರಿದ ಕಡೆಯೆಲ್ಲ ಆಡುವುದು ಅದನ್ನೇ, ಟೀವಿ ಮತ್ತು ಹಾಡುಗಳಲ್ಲಿ ಇರುವುದೂ ಅದೇ. ಹಿಲಿಗಾಯ್ನೊನ್ ಬಂದ ಹುಡುಗಿ ಅದನ್ನು ಹತ್ತು ಹನ್ನೆರಡನೇ ವಯಸ್ಸಿಗೆ ಯಾರೂ ಕಲಿಸದೆ ಹಿಡಿಯುತ್ತಾಳೆ. ಮನಿಲಾದಲ್ಲಿ ಹಿಲಿಗಾಯ್ನೊನ್ ಹಾಗೆ ಗಾಳಿಯಲ್ಲಿ ಸಿಗುವುದಿಲ್ಲ, ಅವರ ಮಕ್ಕಳನ್ನೇ ಕೇಳಿದರೆ ಗೊತ್ತಾಗುತ್ತದೆ.